ಮೂಗು ತೂರಿಸಬೇಡ

"ಸ್ವಲ್ಪ ಬಗ್ಗು. ಮೂಗು ಒಳಗಡೆ ಹಾಕಿ ನೋಡು," ಎಂದ ದೋಣಿ ಚಾಲಕ, ಎಂಜಿನ್ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "'ನನ್ನ ದೋಣಿ ವಿಷಯದಲ್ಲಿ ಮೂಗು ತೂರಿಸಬೇಡ' ಅಂತ ಇಪ್ಪತ್ತೆಂಟು ವರ್ಷ ಬಾಯಿ ಬಡ್ಕೊಂಡೋರು ಯಾರು ರೀ?"

"ತಪ್ಪಾಯ್ತು ಕಣೇ. ಮೆಲ್ಲಗೆ ಮಾತಾಡು."

ಕಟ್ಟೆಯ ಮೇಲೆ ಆಚೆ ದಡಕ್ಕೆ ಹೋಗುವ ಹನ್ನೆರಡು ಮಂದಿ ಕಾಯುತ್ತಿದ್ದರು. ಹೋದ ತಿಂಗಳು ಬಂದ ಹಾಳು ಜ್ವರ, ಹೋಗುವಾಗ ಆತನ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಹಾಲು ಸೀದರೂ ತಿಳಿಯದು. ಮನೆಯಲ್ಲಾದರೆ ಒಂದು ಪಾತ್ರೆ ಹೋದೀತು, ಅಷ್ಟೆ. ಪೆಟ್ರೋಲ್ ಎಂಜಿನ್ ಹಾಗಲ್ಲ ನೋಡಿ. ಪೆಟ್ಟಿಗೆಯೊಳಗೆ ಆವಿ ತುಂಬಿದ್ದಾಗ ಕೀಲಿ ತಿರುಗಿಸಿದರೆ ಒಂದು ಕಿಡಿ ಸಾಕು, ದೋಣಿಯೂ ಇಲ್ಲ, ಜನವೂ ಇಲ್ಲ. ಅದಕ್ಕೇ ಮೊದಲು ನಾಲ್ಕು ನಿಮಿಷ ಫ್ಯಾನ್ ಹಾಕಿ ಆವಿ ಹೊರಗೆ ಹೋಗಲು ಬಿಡಬೇಕು, ಆಮೇಲೆ ಮೂಸಬೇಕು. ಮೂಸಲಾಗದವನೆಂದು ಗೊತ್ತಾದರೆ ಸಂಜೆಯೊಳಗೆ ಬೇರೊಬ್ಬ ಚುಕ್ಕಾಣಿ ಹಿಡಿದಿರುತ್ತಾನೆ. ಒಂದು ತಿಂಗಳು ಮನೆಯಲ್ಲಿ ಕೂತಿದ್ದಕ್ಕೇ ಆತ ದೋಣಿಗಾಗಿ ಹಂಬಲಿಸಿ ಅರ್ಧ ಆಳಾಗಿದ್ದ.

ಅವಳು ಮಂಡಿಯೂರಿ ಬಗ್ಗಿದಳು. ಆತನ ಕೈ ಆಗಲೇ ಕೀಲಿಯ ಮೇಲಿತ್ತು.

"ತೆಗೀರಿ ಕೈ! ಪೆಟ್ರೋಲ್ ಮೂಗಿಗೆ ಹೊಡೀತಿದೆ."

"ಸರಿಯಾಗಿ ನೋಡಿದ್ಯಾ?"

"ಮೂಗು ನಂದೋ, ನಿಮ್ದೋ?"

ಆತ ತಟ್ಟನೆ ಕೈ ಹಿಂದೆಳೆದ. ಕೀಲಿ ತೆಗೆದು ಅವಳ ಕೈಗೇ ಕೊಟ್ಟು, ಪೆಟ್ರೋಲ್ ಪೈಪಿನುದ್ದಕ್ಕೂ ಬೆರಳಾಡಿಸಿದ. ಒಂದು ಕಡೆ ಕ್ಲಿಪ್ ಸಡಿಲವಾಗಿತ್ತು, ಬೆರಳು ಒದ್ದೆಯಾಯಿತು. ಅದನ್ನು ಮೂಗಿಗೆ ಹಿಡಿದ. ಪೆಟ್ರೋಲಾದರೂ ಅಷ್ಟೇ, ನೀರಾದರೂ ಅಷ್ಟೇ. ಕ್ಲಿಪ್ ಬಿಗಿ ಮಾಡಿ, ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಅದನ್ನು ದಡಕ್ಕೆ ಎಸೆದು ಮತ್ತೆ ಫ್ಯಾನ್ ಹಾಕಿದ.

"ಇನ್ನೂ ಎಷ್ಟು ಹೊತ್ತಪ್ಪಾ?" ಕಟ್ಟೆಯಿಂದ ಯಾರೋ ಕೂಗಿದರು.

"ನಾಲ್ಕೇ ನಿಮಿಷ. ಅವಸರ ಇದ್ದೋರು ಈಜ್ಕೊಂಡು ಹೋಗ್ಲಿ!" ಎಂದಳು ಅವಳು. ಜನ ನಕ್ಕರು.

ಫ್ಯಾನ್ ತಿರುಗುವಷ್ಟು ಹೊತ್ತು ಇಬ್ಬರೂ ಪಕ್ಕಪಕ್ಕ ಕೂತರು. ಜಾಗ ಕಿರಿದು. ಆಗಷ್ಟೇ ಸ್ನಾನ ಮಾಡಿ ಬಂದಿದ್ದಳು. ಒದ್ದೆ ಕೂದಲು ಆತನ ತೋಳಿಗೆ ತಾಕುತ್ತಿತ್ತು.

"ಯಾವ ಸೋಪು ಹಾಕ್ಕೊಳ್ತೀಯ ನೀನು?"

"ಅದೇ. ಮದುವೆ ಆದಾಗಿಂದ ಅದೇ. ಯಾಕೆ?"

"ಹೇಗಿರುತ್ತೆ ವಾಸನೆ?"

"ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೋರು ನನ್ನನ್ನ ಕೇಳ್ತೀರಲ್ಲ!" ನಗಲು ಹೋದವಳು ಆತನ ಮುಖ ನೋಡಿ ಇನ್ನಷ್ಟು ಹತ್ತಿರ ಸರಿದಳು.

ಆತ ನೆನಪಿಸಿಕೊಳ್ಳಲು ನೋಡಿದ. ಎಂಜಿನ್ ಆಯಿಲ್, ನೆನೆದ ಹಗ್ಗ, ಹೊಸ ಬಣ್ಣ ಬಳಿದ ಹಲಗೆ, ಎಲ್ಲದರ ವಾಸನೆಯೂ ನೆನಪಿತ್ತು. ಇದೊಂದೇ ಇರಲಿಲ್ಲ. ಅಯ್ಯೋ, ಮೂಗಿದ್ದಾಗ ಒಂದು ಸಲವಾದರೂ ಗಮನ ಕೊಡಬಾರದಿತ್ತೇ!

ಅವಳು ಮತ್ತೆ ಬಗ್ಗಿ ಮೂಸಿದಳು. ತಿರುಗಿ ಇನ್ನೊಮ್ಮೆ ಮೂಸಿದಳು. "ಈಗೇನೂ ಇಲ್ಲ. ಹೊರಡಿಸಿ," ಎಂದು ಕೀಲಿ ಚಾಚಿದಳು.

ಆತ ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಹತ್ತಿರ ಮುಖ ತಂದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡ. ಕಟ್ಟೆಯ ಮೇಲೆ ಹನ್ನೆರಡು ಮಂದಿ ನೋಡುತ್ತಿದ್ದರು. ಅವಳು ಅಲುಗದೆ ಕೂತಿದ್ದಳು.