ಮೂರ್ಛೆ ಹೋಗುವ ಕಂಪ್ಯೂಟರು

ಆ ಮನೆಯ ಕಂಪ್ಯೂಟರಿಗೆ ಮೂರ್ಛೆ ಹೋಗುವ ಕಾಯಿಲೆಯಿತ್ತು. ಚೆನ್ನಾಗಿ ಓಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿ, ಒಳಗಿನ ಫ್ಯಾನು ನಿಟ್ಟುಸಿರು ಬಿಟ್ಟು, ಸುಮ್ಮನಾಗಿಬಿಡುತ್ತಿತ್ತು. ಓಡಿಬಂದು ನೋಡಿದರೆ ವೈರುಗಳೆಲ್ಲ ಸರಿಯಾಗಿವೆ, ಮೇಜಿನ ಕೆಳಗಿನ ಸ್ವಿಚ್ಚು ಹಾಕಿಯೇ ಇದೆ, ಬೀದಿಗೆಲ್ಲ ಕರೆಂಟಿದೆ. ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತಿತ್ತು. ಕಾಯಿಲೆಯ ಇನ್ನೊಂದು ಲಕ್ಷಣವೆಂದರೆ, ಅದು ಅಜ್ಜಿ ಮುಂದೆ ಕೂತಾಗ ಮಾತ್ರ ಬರುತ್ತಿತ್ತು.

“ನನ್ನ ಹಣೆಬರಹ. ಮುಟ್ಟಿದ್ದೆಲ್ಲ ಮಣ್ಣು,” ಎನ್ನುತ್ತಿದ್ದರು ಅಜ್ಜಿ.

ಚಿಕಿತ್ಸೆಗೇನೂ ಕೊರತೆಯಾಗಿರಲಿಲ್ಲ. ಮನೆಯವರೆಲ್ಲ ರಿಪೇರಿ ಮಾಮ ಎಂದು ಕರೆಯುತ್ತಿದ್ದ ಮನುಷ್ಯನೊಬ್ಬ ವರ್ಷಗಳಿಂದ ಬಂದು ನೋಡುತ್ತಿದ್ದ. ಮೊದಲು ಬಿಸಿ ಜಾಸ್ತಿಯೆಂದು ಫ್ಯಾನು ಬದಲಾಯಿಸಿದ. ಆಮೇಲೆ ಧೂಳೆಂದು ಬ್ರಶ್ಶಿನಲ್ಲಿ ಗುಡಿಸಿದ. ಆಮೇಲೆ ಪವರ್ ಸಪ್ಲೈ, ಅದಾದ ಮೇಲೆ ಮದರ್‌ಬೋರ್ಡು. ಕೊನೆಗೆ ಹಳೆಯದೆಂದು ಉಳಿದದ್ದು ಹೊರಗಿನ ಡಬ್ಬಿ ಮತ್ತು ಒಳಗಿನ ನೆನಪು. ಕಾಯಿಲೆ ಮಾತ್ರ ಹಾಗೇ ಇದ್ದುದರಿಂದ ಈಗೀಗ ಅವನಿಗೆ ಡಬ್ಬಿಯ ಮೇಲೂ ಅನುಮಾನ ಶುರುವಾಗಿತ್ತು.

ಮನೆಯ ಯಜಮಾನ ಹಲ್ಲಿನ ಸೆಟ್ಟು ಮಾಡುವವನು. ಮುಂದಿನ ಕೋಣೆಯಲ್ಲಿ ಪ್ಲಾಸ್ಟರಿನ ದವಡೆಗಳ ನಡುವೆ ಕೂತು ಉಜ್ಜುತ್ತಿದ್ದ; ಆ ಬಡಾವಣೆಯ ಹಿರಿಯರ ಅರ್ಧದಷ್ಟು ನಗೆ ಅವನ ಕೈಯಿಂದಲೇ ಹೊರಟದ್ದು. ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಹೊಸಬರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೆ, ಇವಳು ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗಿದ್ದ ಎರಡನೇ ಬ್ರೇಕನ್ನು ಬೇಕಾದಾಗ ಒತ್ತಿ ಅವರ ಪ್ರಾಣವನ್ನೂ ರಸ್ತೆಯ ಮೇಲಿನವರ ಪ್ರಾಣವನ್ನೂ ಕಾಪಾಡುತ್ತಿದ್ದಳು. ಅಜ್ಜಿ, ಅಂದರೆ ಯಜಮಾನನ ತಾಯಿ, ಇದನ್ನು ಒಂದು ಕೆಲಸವೆಂದು ಒಪ್ಪಿರಲಿಲ್ಲ. “ಬ್ರೇಕು ಹಾಕೋದಕ್ಕೂ ಸಂಬಳ ಕೊಡ್ತಾರಾ?” ಎನ್ನುತ್ತಿದ್ದರು. ಸೊಸೆಯ ಕಾರಿನಲ್ಲಿ ಕೂತಾಗಲಂತೂ, “ನಿನ್ನ ಬ್ರೇಕಿಗೆ ನನ್ನ ಹಲ್ಲು ಸೆಟ್ಟು ಕಳಚಿ ಕೈಗೆ ಬರುತ್ತಲ್ಲೇ,” ಎಂಬ ದೂರು ತಪ್ಪುತ್ತಿರಲಿಲ್ಲ. ತಪ್ಪು ಬ್ರೇಕಿನದೋ ಸೆಟ್ಟಿನದೋ ಎಂಬ ಪ್ರಶ್ನೆ ಗಂಡಹೆಂಡಿರ ನಡುವೆ ಇನ್ನೂ ತೀರ್ಮಾನವಾಗಿರಲಿಲ್ಲ.

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಕೊಡುವ, ಲೈನು ಕೀಳುವ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಹಿಡಿದದ್ದು ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟಾಟ. ಆಟದ ಒಂದು ಮೂಲೆಯಲ್ಲಿ ಅಲ್ಲಿಯವರೆಗಿನ ಲೆಕ್ಕ ಕಾಣುತ್ತಿತ್ತು: ಗೆದ್ದದ್ದು ಸಾವಿರಗಟ್ಟಲೆ, ಸೋತದ್ದು ಸೊನ್ನೆ. ಈ ಸೊನ್ನೆಯನ್ನು ಅವರು ಹಾಲಿನವನಿಗೂ ಹೇಳಿದ್ದರು, ಕಣ್ಣಿನ ಡಾಕ್ಟರಿಗೂ ಹೇಳಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಬೆಳಿಗ್ಗೆ ಫೋನು ಮಾಡುವ ತಮ್ಮ ಅಕ್ಕನಿಗೆ ಹೇಳುತ್ತಿದ್ದರು. ಅಕ್ಕನೂ ಅದೇ ಆಟ ಆಡುತ್ತಿದ್ದರು. ಆದರೆ ಆಕೆಗೆ ಸೋತಾಗ ಸೋತೆನೆಂದು ಒಪ್ಪಿಕೊಳ್ಳುವ ದುರಭ್ಯಾಸವಿತ್ತು. ಚಿಕ್ಕಂದಿನಿಂದ ಓದಿನಲ್ಲಿ, ಬಣ್ಣದಲ್ಲಿ, ಬಂದ ಗಂಡಿನಲ್ಲಿ, ಎಲ್ಲದರಲ್ಲೂ ಒಂದು ಕೈ ಮೇಲಿದ್ದ ಅಕ್ಕನನ್ನು ಅಜ್ಜಿ ಕೆಳಗೆ ಹಾಕಿದ್ದು ಈ ಒಂದು ಸೊನ್ನೆಯಿಂದ.

ಯಜಮಾನ ತನ್ನ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಂಡ ಮೇಲೆ ಹಳೆಯ ಕಂಪ್ಯೂಟರನ್ನು ಎಂಟು ವರ್ಷದ ಮಗಳಿಗೆ ಕೊಡುವುದೆಂದಾಯಿತು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಲಾಯರಮ್ಮ ಎಂದು. ಏಕೆಂದು ಹೇಳಬೇಕಾಗಿಲ್ಲ.

“ಕೊಡೋದಾದ್ರೆ ಪೂರ್ತಿ ಒರೆಸಿ ಕೊಡಿ,” ಎಂದಳು ಲಾಯರಮ್ಮ.

“ಇದ್ರೆ ಇರ್ಲಿ ಬಿಡೇ, ನಿನಗೇನು ಭಾರ?”

“ಉಂಡ ತಟ್ಟೆ ತೊಳೀದೆ ಇನ್ನೊಬ್ಬರಿಗೆ ಬಡಿಸ್ತೀಯಾ ಅಪ್ಪ?”

ಅಪ್ಪ ಒಪ್ಪಿದ. ಒರೆಸುವ ಮುಂಚೆ ಬೇಕಾದದ್ದನ್ನು ತೆಗೆದಿಟ್ಟುಕೊಳ್ಳಲು ಭಾನುವಾರ ಬೆಳಿಗ್ಗೆ ಕೂತ. ‘ತುಂಬಾ ಮುಖ್ಯ’ ಎಂಬ ಫೋಲ್ಡರಿನಲ್ಲಿ ಏನೂ ಇರಲಿಲ್ಲ. ‘ಬೇಡದ್ದು’ ಎಂಬುದರಲ್ಲಿ ಮನೆಯ ಪತ್ರಗಳ ನಕಲು ಸಿಕ್ಕಿತು. ಮಿಕ್ಕಿದ್ದೆಲ್ಲ ಹಲ್ಲಿನ ಸೆಟ್ಟುಗಳ ಫೋಟೋ: ಎದುರಿನಿಂದ, ಪಕ್ಕದಿಂದ, ಒಳಗಿನಿಂದ. ಅವನು ಒಂದೊಂದನ್ನೂ ಮುಖ ನೋಡಿದಂತೆ ಗುರುತು ಹಿಡಿಯುತ್ತಿದ್ದ. “ಇದು ಅಂಚೆಯವನದು. ಎಷ್ಟು ಚೆನ್ನಾಗಿ ಕೂತಿತ್ತು ನೋಡು. ಪಾಪ, ನಗೋ ಸ್ವಭಾವವೇ ಇರಲಿಲ್ಲ ಅವನಿಗೆ.”

ಅಷ್ಟರಲ್ಲಿ ಅಜ್ಜಿಗೆ ಸುದ್ದಿ ಮುಟ್ಟಿತು.

“ಒರೆಸೋದು ಅಂದ್ರೆ ಏನೇನು ಹೋಗತ್ತೆ?”

“ಎಲ್ಲಾ ಹೋಗತ್ತಮ್ಮ.”

“ನನ್ನ ಸೊನ್ನೆ?”

“ಅದೂ ಹೋಗತ್ತೆ. ಸೊನ್ನೆ ತಾನೇ, ಒರೆಸಿದ ಮೇಲೂ ಸೊನ್ನೇನೇ ಇರತ್ತೆ ಬಿಡು.”

“ಆಡಿ ಸೊನ್ನೆ ಇರೋದಕ್ಕೂ ಆಡದೇ ಸೊನ್ನೆ ಇರೋದಕ್ಕೂ ವ್ಯತ್ಯಾಸ ಇಲ್ವೇನೋ? ಬೊಚ್ಚುಬಾಯಿಯವನು ನನಗೆ ಹುಳುಕು ಹಲ್ಲೇ ಇಲ್ಲ ಅಂತ ಮೆರೆದ ಹಾಗಾಯ್ತು.”

ತನ್ನ ವೃತ್ತಿಯಿಂದಲೇ ಆಯ್ದ ಈ ಉಪಮೆಗೆ ಮಗ ತಲೆಬಾಗಿದ. ಆದರೂ ಒರೆಸುವುದು ಒರೆಸುವುದೇ, ಮಾತು ಕೊಟ್ಟಾಗಿದೆ ಎಂದ. “ನಾಳೆ ಅಕ್ಕ ಫೋನು ಮಾಡಿ ಎಷ್ಟಾಯ್ತೇ ಅಂತ ಕೇಳಿದ್ರೆ ನಾನೇನು ಹೇಳ್ಲಿ?” ಎಂದರು ಅಜ್ಜಿ. ಆಮೇಲೆ ಅವರು ಕುರ್ಚಿಯೆಳೆದುಕೊಂಡು ಮೇಜಿನ ಪಕ್ಕದಲ್ಲೇ ಕೂತರು. “ಸರಿ, ಒರೆಸಿ. ಕೊನೇ ಗಳಿಗೇಲಿ ಹತ್ರ ಇರ್ತೀನಿ.”

ರಿಪೇರಿ ಮಾಮ ಬಂದು, ಒಂದು ಡಿಸ್ಕು ತೂರಿಸಿ, ತೋರುಬೆರಳೆತ್ತಿ ಎಲ್ಲರಿಗೂ ಎಚ್ಚರಿಕೆ ಹೇಳಿದ. “ನಡುವೆ ಮಾತ್ರ ಕರೆಂಟು ಹೋಗ್ಬಾರದು. ಹೋದ್ರೆ ಮತ್ತೆ ಮೊದಲಿಂದ.”

“ಹೌದಾ?” ಎಂದರು ಅಜ್ಜಿ, ಬಹಳ ಆಸಕ್ತಿಯಿಂದ.

ಪರದೆಯ ಮೇಲೆ ‘ಸಿದ್ಧಪಡಿಸಲಾಗುತ್ತಿದೆ’ ಎಂದು ಬಂತು. ನೀಲಿ ಪಟ್ಟಿಯೊಂದು ಬಸವನಹುಳುವಿನಂತೆ ಹೊರಟಿತು. ಅದು ಕಾಲು ಭಾಗ ಮುಟ್ಟುವಷ್ಟರಲ್ಲಿ ಕಂಪ್ಯೂಟರಿಗೆ ಮೂರ್ಛೆ ಬಂತು. ಎಬ್ಬಿಸಿದರು. ಮತ್ತೆ ಸಿದ್ಧವಾಗುತ್ತಾ ಹೋಗಿ ಮತ್ತೆ ಮೂರ್ಛೆ ಹೋಯಿತು.

“ಇದಕ್ಕೆ ಹೋಗೋ ಮನಸ್ಸಿಲ್ಲ ಸಾರ್,” ಎಂದ ರಿಪೇರಿ ಮಾಮ. “ಜೀವ ಹಿಡ್ಕೊಂಡಿದೆ.”

“ಹಿರಿಜೀವ,” ಎಂದರು ಅಜ್ಜಿ. “ಒತ್ತಾಯ ಮಾಡ್ಬೇಡಿ.”

ಇಷ್ಟೂ ಹೊತ್ತು ಲಾಯರಮ್ಮ ಮೇಜಿನ ಕೆಳಗಿದ್ದಳು. ಕಂಪ್ಯೂಟರು ತನ್ನದಾದ ಮೇಲೆ ಅದರ ವೈರುಗಳೂ ತನ್ನ ಆಸ್ತಿಯೇ ಎಂದು ಗಡಿ ನೋಡಲು ಇಳಿದಿದ್ದಳು. ಮೂರನೆಯ ಬಾರಿ ನೀಲಿ ಪಟ್ಟಿ ಹೊರಟಾಗ ಕೆಳಗಿನಿಂದ ದನಿ ಕೇಳಿಸಿತು.

“ಅಜ್ಜಿ, ನಿನ್ನ ಹೆಬ್ಬೆರಳು ಸ್ವಿಚ್ಚಿನ ಮೇಲೆ ಯಾಕಿದೆ?”

ರಿಪೇರಿ ಮಾಮ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದ; ಸಿದ್ಧತೆಯಷ್ಟೇ ನಡೆದಿತ್ತು, ಒರೆಸುವುದು ಇನ್ನೂ ಶುರುವಾಗಿರಲಿಲ್ಲ. ಯಜಮಾನ ಬಗ್ಗಿ ನೋಡಿದ. ರಿಪೇರಿ ಮಾಮ ಬಗ್ಗಿ ನೋಡಿದ. ನೆಲದ ಮೇಲಿನ ಸ್ವಿಚ್ಚಿನ ಪಟ್ಟಿಯ ಮೇಲೆ, ಬಹುಕಾಲದ ಅಭ್ಯಾಸದಿಂದ ಬಂದ ನಿರಾಳತೆಯಲ್ಲಿ, ಅಜ್ಜಿಯ ಬಲಗಾಲಿನ ಹೆಬ್ಬೆರಳು ಕೂತಿತ್ತು.

“ಸೆಳೆತ,” ಎಂದರು ಅಜ್ಜಿ.

“ಆರಿಸಿ ತಕ್ಷಣ ಮತ್ತೆ ಹಾಕ್ತಾಳೆ ಅಪ್ಪ. ನಾನು ಎರಡು ಸಲ ನೋಡ್ದೆ. ಅದಕ್ಕೇ ನಾವು ಬಂದು ನೋಡಿದಾಗ ಸ್ವಿಚ್ಚು ಸರಿಯಾಗೇ ಇರೋದು.”

ಯಜಮಾನ ನಿಧಾನವಾಗಿ ಲೆಕ್ಕ ಜೋಡಿಸಿದ. “ಅಂದ್ರೆ ಇಷ್ಟು ವರ್ಷ, ಆಟ ಸೋಲೋ ಹಾಗಾದಾಗಲೆಲ್ಲ…”

“ಸೋತ್ರೆ ಸೋತೆ ಅಂತ ಬರ್ಕೊಳ್ಳತ್ತೆ. ಕರೆಂಟು ಹೋದ್ರೆ ಏನೂ ಬರ್ಕೊಳ್ಳಲ್ಲ,” ಎಂದರು ಅಜ್ಜಿ. “ಆ ನಿಯಮ ಮಾಡಿದ್ದು ನಾನಾ?”

ಎಲ್ಲರಿಗಿಂತ ಹೆಚ್ಚು ನೊಂದವನು ರಿಪೇರಿ ಮಾಮ. “ಮದರ್‌ಬೋರ್ಡು ಬದಲಾಯಿಸಿದ್ನಲ್ಲಮ್ಮಾ ನಾನು,” ಎಂದ.

“ನಾನೇನು ಬೇಡ ಅಂದ್ನಾ? ನೀನು ಅಷ್ಟು ಶ್ರದ್ಧೆಯಿಂದ ಮಾಡೋವಾಗ ಬಾಯಿ ಹಾಕೋದು ಸರಿಯಲ್ಲ ಅಂತ ಸುಮ್ಮನಿದ್ದೆ.”

ಸೊಸೆ ತರಗತಿ ಮುಗಿಸಿ ಒಳಗೆ ಬಂದದ್ದು ಆಗ. ನಡೆದದ್ದನ್ನು ಮೂವರೂ ಒಟ್ಟಿಗೆ ಹೇಳಿದರು. ಅವಳು ಅತ್ತೆಯನ್ನು ನೋಡಿದಳು, ಮೇಜಿನ ಕೆಳಗೆ ನೋಡಿದಳು, ಮತ್ತೆ ಅತ್ತೆಯನ್ನು ನೋಡಿದಳು. “ಒಂದೇ ಬೆರಳಿಂದಾನಾ?” ಎಂದಳು. ಆ ದನಿಯಲ್ಲಿ ಆಕ್ಷೇಪಣೆಗಿಂತ ವೃತ್ತಿಯವರ ಕುತೂಹಲವೇ ಹೆಚ್ಚಾಗಿತ್ತು.

ತೀರ್ಪು ಕೊಡುವ ಹಕ್ಕು ಕಂಪ್ಯೂಟರಿನ ಒಡತಿಯದು. ಲಾಯರಮ್ಮ ಮೇಜಿನಡಿಯಿಂದ ಹೊರಬಂದು, ಮೊಣಕಾಲಿನ ಧೂಳು ಕೊಡವಿಕೊಂಡು, ಹೇಳಿದಳು. “ಅಜ್ಜಿ ಒಂದು ಆಟ ಪೂರ್ತಿ ಆಡ್ಬೇಕು. ಎರಡೂ ಕಾಲು ಸ್ಟೂಲಿನ ಮೇಲೆ. ಸೋಲಲಿಲ್ಲ ಅಂದ್ರೆ ಆಟ ಹಂಗೇ ಇರ್ಲಿ, ಮಿಕ್ಕಿದ್ದು ಒರೆಸಿ. ಸೋತ್ರೆ ಎಲ್ಲಾ ಒರೆಸಿ.”

ಅಜ್ಜಿ ಯೋಚಿಸಿದರು. “ಆಗ್ಲಿ. ಸೋತ ಮೇಲೆ ಅದು ಇದ್ರೆಷ್ಟು, ಬಿಟ್ರೆಷ್ಟು.”

ಮೇಜಿನಿಂದ ಆಚೆಗೆ ಸ್ಟೂಲು ಬಂತು. ಅಜ್ಜಿಯ ಪಾದಗಳನ್ನು ಅದರ ಮೇಲಿರಿಸಿ, ಲಾಯರಮ್ಮ ನೆಲದ ಮೇಲೆ ಕೂತು ಎರಡು ಹೆಬ್ಬೆರಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡಳು. ಯಜಮಾನನೂ ರಿಪೇರಿ ಮಾಮನೂ ಹಿಂದೆ ನಿಂತರು. ಸೊಸೆ ಟೀ ಲೋಟ ಹಿಡಿದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು.

ಆಟ ಚೆನ್ನಾಗಿಯೇ ಶುರುವಾಯಿತು. ಎಕ್ಕಗಳು ಎರಡು ಬೇಗ ಸಿಕ್ಕವು. ಅಜ್ಜಿ ನಿಜಕ್ಕೂ ಒಳ್ಳೆಯ ಆಟಗಾರ್ತಿ. ಹೆಬ್ಬೆರಳಿನ ನೆರವಿಲ್ಲದೆಯೂ ಅವರು ಬೇಕಾದಷ್ಟು ಗೆದ್ದಿರಲೇಬೇಕು ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಆದರೆ ನಡುವೆ ಎಲ್ಲೋ ಆಟ ಬಿಗಿಯಿತು. ಆಟೀನ್ ರಾಜ ಖಾಲಿ ಜಾಗದಲ್ಲಿ ಒಬ್ಬನೇ ಕೂತಿದ್ದ. ಅವನ ಮೇಲೆ ಬರಬೇಕಾದ ಕಪ್ಪು ರಾಣಿಯರಿಬ್ಬರೂ ಯಾವುದೋ ರಾಶಿಯ ತಳದಲ್ಲಿ ಸಿಕ್ಕಿಬಿದ್ದಿದ್ದರು. ಅಜ್ಜಿ ಕೈಯಲ್ಲಿದ್ದ ಎಲೆಗಳನ್ನು ಮತ್ತೆ ಮತ್ತೆ ಮಗುಚಿದರು. ಬಂದದ್ದೇ ಬರುತ್ತಿತ್ತು.

“ಬಲಗಾಲಿನದು ಅಲ್ಲಾಡ್ತಿದೆ,” ಎಂದು ವರದಿ ಮಾಡಿದಳು ಲಾಯರಮ್ಮ.

“ಅದರಷ್ಟಕ್ಕೆ ಅದು ಅಲ್ಲಾಡತ್ತೆ, ನಾನೇನು ಮಾಡ್ಲಿ?”

‘ಮುಂದೆ ಯಾವ ನಡೆಯೂ ಉಳಿದಿಲ್ಲ’ ಎಂಬ ಮಾತು ಪರದೆಯ ನಡುವೆ ಮೂಡಿತು. ಕೆಳಗೆ ಒಂದೇ ಒಂದು ಗುಂಡಿ: ‘ಸೋಲೊಪ್ಪಿಕೊಳ್ಳಿ’.

ಯಜಮಾನ ತಲೆಯೆತ್ತಿ ಸೂರಿನ ಫ್ಯಾನು ನೋಡಿದ. ರಿಪೇರಿ ಮಾಮ, ಎಷ್ಟೆಂದರೂ ಮನುಷ್ಯ, ತನ್ನ ಚೀಲ ನೋಡಿಕೊಂಡ. ಅಜ್ಜಿ ಮೌಸಿನ ಬಾಣವನ್ನು ಗುಂಡಿಯ ಮೇಲೆ ತಂದರು. ಅವರ ಕೆಳದುಟಿ, ಮಗ ಮಾಡಿಕೊಟ್ಟ ಹಲ್ಲಿನ ನಡುವೆ, ಚಿಕ್ಕ ಹುಡುಗಿಯ ತುಟಿಯಂತೆ ಸಿಕ್ಕಿಕೊಂಡಿತ್ತು.

“ಹ್ಞೂಂ ಅಜ್ಜಿ. ಒತ್ತು,” ಎಂದಳು ಲಾಯರಮ್ಮ. ಅವಳ ದನಿಯೂ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

“ಒತ್ತೀನಿ. ಅವಸರ ಯಾಕೆ?”

ಪರದೆ ಕಪ್ಪಾಯಿತು. ಫ್ಯಾನು ನಿಟ್ಟುಸಿರು ಬಿಟ್ಟಿತು.

ಎಲ್ಲರೂ ಒಮ್ಮೆಲೇ ಸ್ಟೂಲಿನ ಕಡೆ ತಿರುಗಿದರು. ಪಾದಗಳೆರಡೂ ಅಲ್ಲೇ ಇದ್ದವು, ಹೆಬ್ಬೆರಳುಗಳು ಲಾಯರಮ್ಮನ ಮುಷ್ಟಿಯಲ್ಲಿದ್ದವು. “ನಾನು ಬಿಟ್ಟೇ ಇಲ್ಲ,” ಎಂದಳು ಅವಳು, ಕಂಗಾಲಾಗಿ. ಯಜಮಾನ ಬಗ್ಗಿ ನೋಡಿದ. ಸ್ವಿಚ್ಚು ಹಾಕಿಯೇ ಇತ್ತು.

ರಿಪೇರಿ ಮಾಮನ ಮುಖ ಅರಳಿದ್ದನ್ನು ನೋಡಬೇಕಿತ್ತು. “ನಾನು ಹೇಳಿರ್ಲಿಲ್ವಾ ಸಾರ್, ಒಳಗೇ ಏನೋ ಇದೆ ಅಂತ? ಸುಮ್ಮನೆ ಆ ಹಿರಿಯರನ್ನ ಅಂದ್ವಿ. ನಾಳೆ ಡಬ್ಬಿ ತಗೊಂಡು ಹೋಗ್ತೀನಿ.”

ಸೊಸೆ ಟೀ ಹೀರುತ್ತಾ ಕೂತಿದ್ದಳು. ಅವಳ ಎಡಗಾಲಿನ ಚಪ್ಪಲಿ ಮೇಜಿನಡಿ ಒಂಟಿಯಾಗಿ ಬಿದ್ದಿತ್ತು, ಕಾಲು ಅದನ್ನು ಮೆಲ್ಲಗೆ ಹುಡುಕುತ್ತಿತ್ತು. ಅದನ್ನು ಕಂಡವರು ಅಜ್ಜಿಯೊಬ್ಬರೇ. ಅವರು ಚಪ್ಪಲಿಯನ್ನು ನೋಡಿದರು, ಸೊಸೆಯ ಮುಖವನ್ನು ನೋಡಿದರು.

“ಅಪಘಾತ ಆಗೋದನ್ನ ನೋಡ್ಕೊಂಡು ಕೂತಿರೋ ಅಭ್ಯಾಸ ಈ ಕಾಲಿಗಿಲ್ಲ ಅತ್ತೆ,” ಎಂದಳು ಸೊಸೆ, ಲೋಟದೊಳಗೇ ಹೇಳುವಂತೆ.

ಕಂಪ್ಯೂಟರನ್ನು ಎಬ್ಬಿಸಿ ಲೆಕ್ಕದ ಮೂಲೆ ತೆರೆದಾಗ ಸೋತದ್ದು ಸೊನ್ನೆಯೇ ಇತ್ತು. ಲಾಯರಮ್ಮ ಬಹಳ ಹೊತ್ತು ಯೋಚಿಸಿದಳು. “ಸೋಲಲಿಲ್ಲ ಅಂದ್ರೆ ಅಂತ ತಾನೇ ಅಂದಿದ್ದು. ಸೋಲಲಿಲ್ಲ,” ಎಂದು ತೀರ್ಪು ಕೊಟ್ಟಳು. “ಆಟ ಇರ್ಲಿ. ಆದ್ರೆ ಅಜ್ಜಿ ಇನ್ಮೇಲೆ ನನ್ನ ಬಾಡಿಗೆದಾರಳು. ಆಡೋ ಮುಂಚೆ ನನ್ನ ಕೇಳ್ಬೇಕು.” ಹಾಗಾಗಿ ಡಿಸ್ಕು ವಾಪಸು ಚೀಲಕ್ಕೆ ಹೋಯಿತು, ಯಜಮಾನ ಸಂಜೆಯವರೆಗೂ ಕೂತು ಹಲ್ಲಿನ ಸೆಟ್ಟುಗಳನ್ನು ಒಂದೊಂದಾಗಿ ಕೈಯಾರೆ ಅಳಿಸಿದ. ಅಂಚೆಯವನದು ಮಾತ್ರ ಉಳಿಸಿಕೊಂಡ.

ಮರುದಿನ ಬೆಳಿಗ್ಗೆ ಸೊಸೆ ಕಾರಿನ ಕೀಲಿ ಹುಡುಕುತ್ತಿದ್ದಾಗ ಅಕ್ಕನ ಫೋನು ಬಂತು.

“ಗೆದ್ದದ್ದು ಅಷ್ಟೇ ಇದೆ ಕಣೇ, ನಿನ್ನೆ ಜಾಸ್ತಿ ಆಡಕ್ಕಾಗ್ಲಿಲ್ಲ,” ಎಂದರು ಅಜ್ಜಿ. “ಸೋತದ್ದಾ? ಸೊನ್ನೆ.” ಆಮೇಲೆ, ಬಾಗಿಲ ಹತ್ತಿರವಿದ್ದವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ, “ಇರ್ಲಿ, ಮುಂದಿನ ವಾರ ನಿನ್ನ ಮನೆಗೆ ಬರ್ತೀನಿ. ನಮ್ಮ ಸೊಸೆ ಕಾರಲ್ಲೇ. ನಿನಗೆ ಗೊತ್ತಿಲ್ಲ, ಅವಳಷ್ಟು ಚೆನ್ನಾಗಿ ಬ್ರೇಕು ಹಾಕೋರು ಇನ್ನೊಬ್ಬರಿಲ್ಲ,” ಎಂದರು.