ಅಪ್ಪನ ಗುರುತಿದ್ದ ಪೀಪಾಯಿ

ಟಕ್, ಟಕ್. ನಡುರಾತ್ರಿಯಲ್ಲಿ ಪಕ್ಕದ ಕೋಣೆಯಿಂದ ಸಣ್ಣ ಸದ್ದು ಬಂತು. ಮಂಚದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದವನು ಇಶ್ಬೆಲ್‌ಳ ಅಪ್ಪ, ವಾಟಿ ಗೆಡ್ಡಿಸ್. ಡಫ್‌ಟೌನಿನಲ್ಲಿ ಬದುಕಿಡೀ ವಿಸ್ಕಿ ಪೀಪಾಯಿ ಕಟ್ಟಿದವನು. ತಟ್ಟಿ ಕಿವಿಗೊಟ್ಟು ಪೀಪಾಯಿ ಗಟ್ಟಿಯಿದೆಯೇ ಎಂದು ಹೇಳುತ್ತಿದ್ದ ಕೈ, ಈಗ ನೀರು ಬೇಕಾದರೂ ಹಾಗೆಯೇ ತಟ್ಟಿ ಕರೆಯುತ್ತಿತ್ತು.

ಅವಳು ಎದ್ದು ಹೋಗಿ ನೀರು ಕುಡಿಸಿದಳು.

"ನಮ್ಮ ಪೀಪಾಯಿಯಿಂದ ಒಂಚೂರು ರುಚಿಗೆ ತರಿಸ್ತೀನಿ ಅಂದಿದ್ದೆ, ಏನಾಯ್ತೇ?"

"ತರಿಸ್ತೀನಪ್ಪ."

"ನಾನು ಮಣ್ಣಿಗೆ ಹೋದ ದಿನ ಎಲ್ರಿಗೂ ಅದರದ್ದೇ ಒಂದೊಂದು ಗುಟುಕು ಕೊಡ್ಬೇಕು. ಆ ಜಿಪುಣ ಸ್ಯಾಂಡಿಗೂ ಕೊಡು. ಒಂದೇ ಮತ್ತೆ, ಎರಡನೇದು ಕೇಳಿದ್ರೆ ಕಿವುಡಿ ಥರ ಇದ್ಬಿಡು."

ಅಪ್ಪ ನಗುತ್ತಾ ಮಲಗಿದ. ಅವಳಿಗೆ ನಿದ್ದೆ ಬರಲಿಲ್ಲ. ಅಂದು ಮಧ್ಯಾಹ್ನ ಗೋದಾಮಿಗೆ ಫೋನ್ ಮಾಡಿದ್ದಳು. "ಆ ಪೀಪಾಯಿ ಇಲ್ಲೇ ಇದೆ ಮೇಡಂ. ಆದ್ರೆ ನಿಮ್ಮ ಹೆಸರಲ್ಲಿಲ್ಲ. ಅದನ್ನ ಕೇಳ್ಕೊಂಡು ಬಂದವರಲ್ಲಿ ನೀವೇ ಮೊದಲನೆಯವರೂ ಅಲ್ಲ," ಎಂದಿದ್ದ ಅಲ್ಲಿಯವನು.

ಅಪ್ಪನಿಗೆಂದು ಅವಳು ಅದನ್ನು ದುಡ್ಡು ಕೊಟ್ಟು ಕೊಂಡಿದ್ದಳು. ಮಾರಿದವನು ಅವಳನ್ನು ಗೋದಾಮಿನೊಳಗೆ ಕರೆದೊಯ್ದು ಆ ಪೀಪಾಯಿಯ ಮುಂದೆ ನಿಲ್ಲಿಸಿದ್ದ. ಅದರ ಮುಚ್ಚಳದ ಅಂಚಿನಲ್ಲಿ ಅಪ್ಪ ಉಳಿಯಿಂದ ಕೊರೆಯುತ್ತಿದ್ದ ಗುರುತಿತ್ತು: ಅಡ್ಡಗೀರು, ಪಕ್ಕದಲ್ಲೊಂದು ಚುಕ್ಕೆ. ಬೆರಳಿಂದ ಸವರಿದಾಗ ಅವಳ ಕಣ್ಣು ತುಂಬಿತ್ತು. ಕೇಳಬೇಕಾದ್ದನ್ನು ಏನೂ ಕೇಳಲಿಲ್ಲ. ಅದೂ ಅವಳು, ಊರಿನ ಗ್ರಂಥಾಲಯದ ಸಲಹಾ ಮೇಜಿನಲ್ಲಿ ಕೂತು, ಮೋಸ ಹೋಗದಿರುವುದು ಹೇಗೆಂದು ಜನರಿಗೆ ಹೇಳಿಕೊಡುವವಳು.

ಬೆಳಿಗ್ಗೆ ಅದೇ ಮೇಜಿನ ಎದುರು ಎಫಿ ಕ್ರುಕ್‌ಶ್ಯಾಂಕ್ ಬಂದು ಕೂತಳು, ಸತ್ತುಹೋದ ಬೇಕರಿಯವನ ಹೆಂಡತಿ. ಅವಳು ಚೀಲದಿಂದ ತೆಗೆದ, ಪೀಪಾಯಿ ಒಡೆತನದ ಚಿನ್ನದಕ್ಷರದ ಪ್ರಮಾಣಪತ್ರವನ್ನು ಇಶ್ಬೆಲ್ ಓದಬೇಕಾಗಿರಲಿಲ್ಲ. ಅಂಥದ್ದೇ ಒಂದಕ್ಕೆ ಕಟ್ಟು ಹಾಕಿಸಿ ಅಪ್ಪನ ಗೋಡೆಗೆ ತೂಗುಹಾಕಿದ್ದಳು.

"ನಗಬೇಡ ಕಣೇ. ವರ್ಷ ವರ್ಷ ಬೆಲೆ ಏರತ್ತೆ, ನಷ್ಟದ ಮಾತೇ ಇಲ್ಲ ಅಂದ ಮಾರಿದವನು. ಈಗ ಫೋನೇ ಎತ್ತಲ್ಲ."

"ಗೋದಾಮಿನವರನ್ನ ಕೇಳಿದ್ಯಾ? ಪೀಪಾಯಿ ಯಾರ ಹೆಸರಲ್ಲಿದೆ ಅಂತ ಅವರೇ ಬರೆದುಕೊಡ್ಬೇಕು. ಹಳೇ ಮಾಲೀಕ ಅವರಿಗೆ ಆದೇಶ ಕೊಟ್ಟು ನಿನ್ನ ಹೆಸರಿಗೆ ಮಾಡಿಸದೇ ಇದ್ರೆ ಈ ಪತ್ರಕ್ಕೆ ಬೆಲೆ ಇಲ್ಲ. ಒಂದೇ ಪೀಪಾಯಿನ ಎಷ್ಟೋ ಜನಕ್ಕೆ ಮಾರಿರ್ತಾರೆ. ನಷ್ಟವೇ ಇಲ್ಲ ಅಂದವನನ್ನ ಅಲ್ಲೇ ಅನುಮಾನಿಸ್ಬೇಕಿತ್ತು."

ಒಂದೂ ತಪ್ಪಿಲ್ಲದ ಮಾತುಗಳು. ತನ್ನ ದನಿ ಅಷ್ಟು ಶಾಂತವಾಗಿರುವುದನ್ನು ಕೇಳಿಯೇ ಅವಳ ಮುಖ ಬಿಸಿಯಾಯಿತು.

"ನನ್ನಂಥ ಪೆದ್ದಿ ಈ ಊರಲ್ಲಿ ಇನ್ನೊಬ್ಬಳಿಲ್ಲ ಬಿಡು," ಎಂದಳು ಎಫಿ. "ನೀನಾಗಿದ್ರೆ ಅವನನ್ನ ಬಾಗಿಲಲ್ಲೇ ನಿಲ್ಲಿಸಿ ಬೆವರಿಳಿಸ್ತಿದ್ದೆ." ಆಮೇಲೆ ದನಿ ತಗ್ಗಿಸಿದಳು. "ಪೊಲೀಸರ ಹತ್ರ ಒಬ್ಳೇ ಹೋಗೋಕೆ ನಾಚಿಕೆ ಆಗತ್ತೆ. ಜೊತೆಗೆ ಇನ್ನೊಬ್ರು ಸಿಕ್ಕಿದ್ರೆ ಧೈರ್ಯ ಇರೋದು. ಇವನ ಕೈಲಿ ಮೋಸ ಹೋದವರು ಯಾರಾದ್ರೂ ನಿನ್ನ ಹತ್ರ ಬಂದಿದ್ರಾ?"

ಇಶ್ಬೆಲ್ ಪ್ರಮಾಣಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು.

"ಇಲ್ಲ," ಎಂದಳು. "ನನ್ನ ಹತ್ರ ಯಾರೂ ಬಂದಿಲ್ಲ."

ಸುಳ್ಳಾಗದಂತೆ ಮಾತನ್ನು ಆರಿಸಿಕೊಂಡಿದ್ದೇನೆ ಎಂಬುದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಕಿಟಕಿಯಾಚೆ ಎಫಿ ಗಡಿಯಾರದ ಗೋಪುರ ದಾಟಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಪೊಲೀಸರ ಕಡೆಗೆ ಒಬ್ಬಳೇ ನಡೆದಳು.

ಸಂಜೆ ಇಶ್ಬೆಲ್ ಅಂಗಡಿಯಿಂದ ಒಂದು ವಿಸ್ಕಿ ಬಾಟಲಿ ತಂದು, ಲೋಟಕ್ಕೆ ಒಂದಿಷ್ಟು ಸುರಿದು ಅಪ್ಪನ ಕೈಗಿಟ್ಟಳು. ಅವನು ಮೂಸಿ, ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ.

"ನನ್ನ ಹಲಗೆ ವಾಸನೆ," ಎಂದ. "ಎಫಿಗೂ ಒಂದು ಗುಟುಕು ಕೊಟ್ಟು ಬಾರೇ. ಪಾಪ, ಒಬ್ಳೇ ಇರ್ತಾಳೆ."

"ನಾಳೆ ಕೊಡ್ತೀನಪ್ಪ."

ಲೋಟ ತೊಳೆದು, ಬಾಟಲಿಯನ್ನು ಓಟ್ಸ್ ಚೀಲದ ಹಿಂದಕ್ಕೆ ತಳ್ಳಿದಳು. ಅಪ್ಪನಿಗಾಗಲಿ, ಪೊಲೀಸರಿಗಾಗಲಿ, ಎಫಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.