ಹಬೆಗೆ ಬಿಟ್ಟ ಪುಟ

ಗ್ರಂಥಾಲಯದ ಹಳೇ ಪತ್ರಿಕೆಗಳ ಪ್ರದರ್ಶನಕ್ಕೆ ಊರಿಗೆ ಊರೇ ಬಂದಂತಿತ್ತು. ಕಥೆ, ಕ್ರೀಡೆ, ಹೊಲಿಗೆ, ವಿಜ್ಞಾನ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ತುಂಬಿಕೊಂಡು ಬರುತ್ತಿದ್ದ ಪತ್ರಿಕೆಗಳವು. ಗ್ರಂಥಪಾಲಕಿಯ ಅತ್ತೆ, ಯಾರಿಗೂ ಮುಟ್ಟಗೊಡದ ಪೆಟ್ಟಿಗೆಯಿಂದ, ಸೊಸೆಯನ್ನು ನಂಬಿ ಅವನ್ನು ತೆಗೆದುಕೊಟ್ಟಿದ್ದರು. ಜನ ಮಾತ್ರ ಕಥೆಗಳತ್ತ ಕಣ್ಣೂ ಹಾಯಿಸದೆ ಜಾಹೀರಾತುಗಳಿಗೇ ಮುಗಿಬಿದ್ದಿದ್ದರು.

“ಅಯ್ಯೋ, ಈ ಪೌಡರ್ ಡಬ್ಬಿ! ನಮ್ಮಜ್ಜಿ ಇದರಲ್ಲಿ ಗುಂಡಿ ಹಾಕಿಡ್ತಿದ್ರು.”

“ರೇಡಿಯೋ ನೋಡೇ, ನಿನ್ನ ಗಂಡನಿಗಿಂತ ದಪ್ಪಗಿದೆ.”

ಎಲ್ಲಕ್ಕಿಂತ ಹೆಚ್ಚು ನಗು ಟಾನಿಕ್ಕಿನ ಜಾಹೀರಾತಿನ ಮುಂದೆ. ಎಡಗಡೆ, ‘ಕುಡಿಯುವ ಮೊದಲು’: ಕೆನ್ನೆ ಒಳಗೆ ಹೋದ ಹುಡುಗಿ. ಬಲಗಡೆ, ‘ಕುಡಿದ ನಂತರ’: ಗುಂಡು ಮುಖದವಳು. ಈ ಪುಟ ಪಕ್ಕದ ಪುಟಕ್ಕೆ ಅಂಟಿಕೊಂಡಿತ್ತು. ಗ್ರಂಥಪಾಲಕಿ ಕೆಟಲಿನ ಹಬೆ ಹಿಡಿದು, ಸಂಜೆಯೆಲ್ಲ ಉಸಿರು ಬಿಗಿಹಿಡಿದು ಬಿಡಿಸಿದ್ದಳು. ಆ ಖುಷಿಯಲ್ಲಿ ಕೆಳಗೊಂದು ಚೀಟಿಯನ್ನೂ ಬರೆದಿದ್ದಳು: ‘ಫ್ಯಾನ್ ಹಾಕಬೇಡಿ, ಎಡಗಡೆಯ ಹುಡುಗಿ ಹಾರಿಹೋದಾಳು.’

ಅತ್ತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರು. ಒಂದೊಂದನ್ನೇ ನೋಡುತ್ತ ಟಾನಿಕ್ಕಿನ ಮುಂದೆ ನಿಂತುಬಿಟ್ಟರು.

“ಇದನ್ನ ಹೇಗಮ್ಮ ಬಿಡಿಸಿದೆ?”

“ಹಬೆ ಹಿಡಿದೆ, ಅತ್ತೆ. ಅಂಟಿಕೊಂಡುಬಿಟ್ಟಿತ್ತು.”

“ಅಂಟಿಕೊಂಡಿರಲಿಲ್ಲ. ನಾನೇ ಅಂಟಿಸಿದ್ದೆ.” ದನಿ ತಗ್ಗಿತು. “ಬಲಗಡೆ ಇರೋಳು ನಮ್ಮಕ್ಕ. ಕ್ಯಾಲೆಂಡರಿಗೆ ಅಂತ ಹೇಳಿ ನಮ್ಮಿಬ್ಬರ ಫೋಟೋನೂ ತೆಗೆದಿದ್ರು. ನನಗೆ ಆ ಟಾನಿಕ್ ಒಂದು ಚಮಚಾನೂ ಕೊಡಲಿಲ್ಲ. ಮದುವೆ ಆಗೋವರೆಗೂ ಬೀದೀಲಿ ನನ್ನ ಹೆಸರು ‘ಮೊದಲು’ ಅಂತ್ಲೇ.”

ಸೊಸೆಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೈ ತಾನಾಗಿಯೇ ಚೌಕಟ್ಟಿನತ್ತ ಹೋಯಿತು.

“ತೆಗೀಬೇಡ. ಈಗ ತೆಗೆದ್ರೆ ಯಾಕೆ ಅಂತಾರೆ. ಆಮೇಲೆ ನನ್ನ ಮುಖ ನೋಡ್ತಾರೆ.”

ಅಷ್ಟರಲ್ಲಿ ಹಿಂದಿದ್ದ ಪೋಸ್ಟ್‌ಮಾಸ್ಟರು ಚೀಟಿಯನ್ನು ಜೋರಾಗಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಭೇಷ್! ಯಾರ್ರೀ ಬರೆದಿದ್ದು?”

ಅತ್ತೆಯೂ ಅವಳನ್ನೇ ನೋಡಿದರು. ಚೌಕಟ್ಟು ಹಾಕಿಕೊಟ್ಟ ಬೈಂಡರ್ ಬರೆದದ್ದು ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

“ನಾನೇ,” ಅಂದಳು.

“ಅಕ್ಷರ ದುಂಡಗಿದೆ,” ಎಂದು ಅತ್ತೆ ಮುಂದಿನ ಚಿತ್ರದ ಕಡೆ ನಡೆದರು.

ಪೋಸ್ಟ್‌ಮಾಸ್ಟರು ಬಾಗಿಲಲ್ಲಿದ್ದವರನ್ನೂ ಕೈಬೀಸಿ ಕರೆದರು. ಬಂದವರು ಓದಿದರು, ನಕ್ಕರು, ಗ್ರಂಥಪಾಲಕಿಯತ್ತ ತಿರುಗಿದರು. ಅವಳು ಸುಮ್ಮನಿದ್ದರೆ ಯಾಕೆಂದು ಕೇಳುತ್ತಾರೆ. ಅವಳೂ ನಕ್ಕಳು.